ಕುಂಕುಮ ಹಚ್ಚಿದ ಟಿಸಿ

ಪಿಯುಸಿ ರಿಸಲ್ಟ್ ಬಂದ ದಿನ ನಮ್ಮ ಮನೆಯಲ್ಲಿ ಯಾರೂ ಅಳಲಿಲ್ಲ, ಯಾರೂ ಪೇಢೆ ಹಂಚಲಿಲ್ಲ. ಐವತ್ತಾರು ಪರ್ಸೆಂಟ್. ಫೇಲಾಗಿದ್ದರೆ ಬೈಯಬಹುದಿತ್ತು, ತೊಂಬತ್ತು ಬಂದಿದ್ದರೆ ಕುಣಿಯಬಹುದಿತ್ತು. ಐವತ್ತಾರಕ್ಕೆ ಏನು ಮಾಡಬೇಕೆಂದು ನಮ್ಮ ಮನೆಯವರಿಗಷ್ಟೇ ಅಲ್ಲ, ಊರಿಗೇ ತಿಳಿಯಲಿಲ್ಲ. ಅಪ್ಪನ ಗಿರಣಿಗೆ ಜೋಳ ಬೀಸಿಸಲು ಬಂದವರೆಲ್ಲ "ಪಾಸಾತಲ್ಲ, ಸಾಕ್ ಬಿಡು" ಎಂದು ಹೇಳಿ ಹಿಟ್ಟಿನ ಡಬ್ಬಿ ಹೊತ್ತುಕೊಂಡು ಹೋದರು. ಆ "ಸಾಕ್ ಬಿಡು" ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಯಾರಿಗೆ ಸಾಕು? ನನಗಂತೂ ಸಾಕಾಗಿರಲಿಲ್ಲ.

ನಮ್ಮೂರು ಮುರಗೋಡದ ಹತ್ತಿರ. ಒಂದು ಕಡೆ ಬೈಲಹೊಂಗಲ, ಇನ್ನೊಂದು ಕಡೆ ಸವದತ್ತಿ, ಎರಡಕ್ಕೂ ಬಸ್ಸಿದೆ. ನನಗೆ ಬೇಕಾಗಿದ್ದುದು ಸವದತ್ತಿಯ ಸರ್ಕಾರಿ ಕಾಲೇಜಿನಲ್ಲಿ ಬಿಕಾಂ. ಅಲ್ಲಿ ಫೀಯೆಂದರೆ ಹೆಸರಿಗಷ್ಟೇ. ನನ್ನ ಬೆನ್ನಿಗೆ ತಂಗಿಯೊಬ್ಬಳಿದ್ದಳು. ನನ್ನ ಓದಿಗೇ ಎಲ್ಲ ಸುರಿದರೆ ಅವಳು ಹತ್ತನೇ ಇಯತ್ತೆಗೇ ನಿಲ್ಲಬೇಕಾಗುತ್ತದೆ ಎಂಬುದನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಅಷ್ಟರಲ್ಲಿ ಬೈಲಹೊಂಗಲದ ಖಾಸಗಿ ಕಾಲೇಜೊಂದರಿಂದ ಒಬ್ಬ ಸರ್ ಮನೆಗೆ ಬಂದರು. ಇಸ್ತ್ರಿ ಮಾಡಿದ ಅಂಗಿ, ಧೂಳು ಮೆತ್ತಿದ ಬೂಟು. ಯಾರ ಮಕ್ಕಳು ಪಾಸಾಗಿದ್ದಾರೆಂದು ಬಸ್‌ಸ್ಟ್ಯಾಂಡಿನ ಚಹದಂಗಡಿಯಲ್ಲೇ ವಿಚಾರಿಸಿಕೊಂಡು ಬಂದಿದ್ದರು. ಅವ್ವ ಅವಲಕ್ಕಿ ಕೊಟ್ಟಳು, ಚಹಾ ಕೊಟ್ಟಳು. ಸರ್ ನನ್ನ ಮಾರ್ಕ್ಸ್ ಕಾರ್ಡನ್ನು ಒಮ್ಮೆ ನೋಡಿ, ವೈದ್ಯರು ಕೆಟ್ಟ ಸುದ್ದಿ ಹೇಳುವಾಗ ಮಾಡುವಂತೆ ಮೆಲ್ಲಗೆ ಮಡಚಿಟ್ಟರು.

"ಈ ಮಾರ್ಕ್ಸಿಗೆ ಸರ್ಕಾರಿ ಕಾಲೇಜದಾಗ ಸೀಟ ಸಿಗೂದು ಕಷ್ಟ ಐತ್ರಿ, ಯಜಮಾನ್ರ. ಅಲ್ಲಿ ಎಂಬತ್ತು, ತೊಂಬತ್ತು ತಗೊಂಡವ್ರು ಪಾಳಿ ಹಚ್ಚಿರತಾರ. ನಮ್ಮಲ್ಲಿ ಹಾಕ್ರಿ, ಮೊದಲ ವರ್ಷ ಫೀ ಅರ್ಧಾ ಮಾಡಸ್ತೇನಿ."

"ಎರಡನೇ ವರ್ಷಕ್ಕ?" ಬಾಗಿಲ ಹಿಂದಿನಿಂದ ನಾನು ಕೇಳಿದೆ.

"ಮುಂದಿಂದು ಮುಂದ ನೋಡೂನಂತ, ತಂಗಿ."

ಅಪ್ಪ ನನ್ನತ್ತ ಕಣ್ಣು ಬಿಟ್ಟ. ಮನೆಗೆ ಬಂದವರ ಮಾತಿಗೆ ಅಡ್ಡ ಬಾಯಿ ಹಾಕುವುದು ನಮ್ಮಲ್ಲಿ ನಡೆಯುವುದಿಲ್ಲ. ಸೀಟು ಹಿಡಿದಿಡಲು ಒರಿಜಿನಲ್ ಟಿಸಿ ಬೇಕೆಂದು ಸರ್ ಹೇಳಿದರು. ಝೆರಾಕ್ಸ್ ಕೊಟ್ಟರೆ ಸಾಕು ಎನ್ನುವ ಬುದ್ಧಿ ನಮ್ಮಲ್ಲಿ ಯಾರಿಗಿತ್ತು? ಅವ್ವ ದೇವರ ಜಗುಲಿಯಿಂದ ಟಿಸಿ ತಂದಳು. ಮನೆಯಿಂದ ಒಳ್ಳೆಯ ಕೆಲಸಕ್ಕೆ ಹೊರಡುವ ಯಾವುದಕ್ಕೂ ಕುಂಕುಮ ಹಚ್ಚದೆ ಅವಳು ಕಳಿಸಿದವಳಲ್ಲ; ಬಿತ್ತುವ ಬೀಜದ ಚೀಲಕ್ಕೂ ಅದೇ, ಲಗ್ನಪತ್ರಿಕೆಗೂ ಅದೇ. ಟಿಸಿಯ ಮೂಲೆಗೂ ಬೆರಳಿನಿಂದ ಕುಂಕುಮ ಒತ್ತಿ, ತಾಟಿನಲ್ಲಿ ಎಲೆ ಅಡಿಕೆಯ ಜೊತೆ ಇಟ್ಟು ಕೊಟ್ಟಳು. ಸರ್ ಅದನ್ನು ಕಣ್ಣಿಗೊತ್ತಿಕೊಂಡು ಬ್ಯಾಗಿನಲ್ಲಿಟ್ಟರು.

ನಾಲ್ಕು ದಿನಕ್ಕೆ ಗೆಳತಿಯೊಬ್ಬಳು ಸಿಕ್ಕಳು. ನಲವತ್ತೊಂಬತ್ತು ಪರ್ಸೆಂಟಿನವಳು. ಸವದತ್ತಿಯ ಸರ್ಕಾರಿ ಕಾಲೇಜಿಗೆ ಸೇರಿ ಆಗಿತ್ತು.

"ಪಾಳಿ ಎಲ್ಲಿದಲೇ? ಸೀಟ ಖಾಲಿ ಬಿದ್ದಾವು. ಶನಿವಾರ ಕಡೀ ದಿನ ಐತಿ, ಲಗೂನ ಟಿಸಿ ತಗೊಂಡ ಬಾ."

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅಪ್ಪ ಗಿರಣಿಯ ಪಟ್ಟಾ ಬಿಗಿಯುತ್ತಿದ್ದವನು ತಲೆ ಎತ್ತಲಿಲ್ಲ. ಹುಬ್ಬಿನ ತುಂಬ ಹಿಟ್ಟು.

"ಕುಂಕುಮ ಹಚ್ಚಿ ಕೊಟ್ಟದ್ದನ್ನ ವಾಪಸ್ ಬೇಡತಾರೇನ? ಮಾರಿ ಹೆಂಗ ತೋರಸ್ಲಿ ನಾ ಅವರಿಗೆ?"

"ಸುಳ್ಳ ಹೇಳ್ಯಾರಪ್ಪಾ ಅವರು!"

"ಹೇಳಲಿ. ನಾ ಕೊಟ್ಟೇನಿ. ಕಲಿಯೂದಿದ್ರ ಅಲ್ಲೇ ಕಲಿ, ಇಲ್ಲಂದ್ರ ಮನ್ಯಾಗ ಕುಂಡ್ರು."

ನಾನು ಬಾಯಿಗೆ ಬಂದಂತೆ ಕೂಗಾಡಿದೆ. ನಿಮ್ಮ ಮರ್ಯಾದೆ ಉಳಿಸಲು ನಾನು ಮನೆಯಲ್ಲಿ ರೊಟ್ಟಿ ಬಡಿಯುತ್ತ ಕೂರಬೇಕಾ ಎಂದೆ. ಅವ್ವ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ಅವಳು ಅತ್ತದ್ದು ನನಗಾಗಿಯೋ, ತಾನು ಹಚ್ಚಿದ ಕುಂಕುಮಕ್ಕಾಗಿಯೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಶುಕ್ರವಾರ ಯಾರಿಗೂ ಹೇಳದೆ ಬೈಲಹೊಂಗಲದ ಬಸ್ಸು ಹತ್ತಿದೆ. ಕಾಲೇಜಿನ ಸ್ಟಾಫ್ ರೂಮಿನಲ್ಲಿ ಸರ್ ಒಬ್ಬರೇ ಕುಳಿತು ಬುತ್ತಿ ಬಿಚ್ಚುತ್ತಿದ್ದರು. ಊಟಕ್ಕೆ ಕುಳಿತವರ ಮುಂದೆ ಜಗಳ ತೆಗೆಯಬಾರದೆಂಬುದು ತಿಳಿದಿದ್ದರೂ ತೆಗೆದೆ.

"ಸುಳ್ಳ ಯಾಕ ಹೇಳಿದ್ರಿ ಸರ್? ನಮ್ಮ ಮನಿ ಅವಲಕ್ಕಿ ತಿಂದ ಸುಳ್ಳ ಹೇಳೂದಂದ್ರ ಏನ್ರಿ?"

ಅವರು ಬೈಯುತ್ತಾರೆಂದುಕೊಂಡಿದ್ದೆ. ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದರು.

"ಎಂಟ ಮಂದೀನ ತರಬೇಕವ್ವಾ ನಾ. ನೀ ಏಳನೇದಾಕಿ. ತರಲಿಲ್ಲಂದ್ರ ಮುಂದಿನ ತಿಂಗಳ ಬರಬ್ಯಾಡ ಅಂತಾರ."

"ಅದಕ್ಕ ನಾ ಏನ ಮಾಡ್ಲಿ?"

ಹಾಗೆಯೇ ಕೇಳಿದೆ, ಒಂದಿಷ್ಟೂ ಕರುಣೆಯಿಲ್ಲದೆ. ಹದಿನೆಂಟರ ವಯಸ್ಸು, ನನ್ನ ಹೊಟ್ಟೆಯ ಉರಿ ಬಿಟ್ಟರೆ ಬೇರೆ ಯಾರದೂ ಕಾಣದ ವಯಸ್ಸು. ಸರ್ ಬೀರು ತೆಗೆದು, ಕಾಗದಗಳ ನಡುವೆ ಕುಂಕುಮದ ಮೂಲೆ ಹುಡುಕಿ ಟಿಸಿ ಎಳೆದುಕೊಟ್ಟರು. "ತಗೋ. ನಾನೂ ಐವತ್ತೆಂಟ ಪರ್ಸೆಂಟಿನವನ," ಎಂದರು. ನಾನು ಥ್ಯಾಂಕ್ಸ್ ಕೂಡ ಹೇಳಲಿಲ್ಲ. ಆ ವರ್ಷ ಅವರ ಕೆಲಸ ಉಳಿಯಿತೋ ಇಲ್ಲವೋ ಎಂದು ಆಮೇಲಾದರೂ ವಿಚಾರಿಸಲಿಲ್ಲ.

ಮರುದಿನ ಸವದತ್ತಿಯಲ್ಲಿ ಸೇರಿದೆ. ಕ್ಲಾರ್ಕು ಟಿಸಿಯನ್ನು ಬೆಳಕಿಗೆ ಹಿಡಿದು "ಇದೇನವ್ವಾ, ಟಿಸಿಗೂ ಪೂಜಾ ಮಾಡ್ಸೀರೇನ?" ಎಂದು ನಕ್ಕ. ಅಪ್ಪ ಹದಿನೈದು ದಿನ ಮಾತು ಬಿಟ್ಟ. ಹದಿನಾರನೆಯ ದಿನ ಬಸ್ ಪಾಸಿಗೆ ಫೋಟೋ ಬೇಕೇನು ಎಂದು ಕೇಳಿದ.

ಅಲ್ಲಿ ಬಿಕಾಂ ಮುಗಿಸಿ, ಬೆಳಗಾವಿಯಲ್ಲಿ ಎಂಕಾಂ ಮಾಡಿದೆ. ಮಾರ್ಕ್ಸು ಎಲ್ಲ ಕಡೆಯೂ ಹಾಗೇ, ಅತ್ತ ಹೆಮ್ಮೆಗಿಲ್ಲ, ಇತ್ತ ನಾಚಿಕೆಗಿಲ್ಲ. ತಂಗಿಯೂ ಓದಿದಳು. ನನಗೆ ರಾಮದುರ್ಗದ ಖಾಸಗಿ ಕಾಲೇಜೊಂದರಲ್ಲಿ ಕೆಲಸ ಸಿಕ್ಕಿತು. ಮನೆಯಲ್ಲಿ ಈಗ ಅಪ್ಪನಿಗೆ ಹಿಟ್ಟಿನ ಧೂಳಿನಿಂದ ಉಬ್ಬಸ, ಗಿರಣಿ ಬಂದ್. ಮನೆ ನಡೆಯುವುದು ನನ್ನ ಪಗಾರದ ಮೇಲೆ. ಜೂನ್ ಹತ್ತಿರ ಬಂದರೆ ನಮ್ಮ ಪ್ರಿನ್ಸಿಪಾಲರು ಊರುಗಳನ್ನು ಹಂಚುತ್ತಾರೆ. ಬೈಲಹೊಂಗಲ, ಕಿತ್ತೂರು ಕಡೆ ಒಬ್ಬರಿಗೆ, ಸವದತ್ತಿ ತಾಲ್ಲೂಕು ನನಗೆ. ತಲೆಗೆ ಎಂಟು ಹುಡುಗರು. ಹೌದು, ಅದೇ ಎಂಟು.

ಮೊದಲೆರಡು ವರ್ಷ ಝೆರಾಕ್ಸ್ ಮಾತ್ರ ಇಸಿದುಕೊಂಡೆ, ಇದ್ದದ್ದು ಇದ್ದ ಹಾಗೆ ಹೇಳಿದೆ. ಒಂದು ವರ್ಷ ಮೂವರು ಬಂದರು, ಇನ್ನೊಂದು ವರ್ಷ ನಾಲ್ವರು. ಪ್ರಿನ್ಸಿಪಾಲರು ನಗುತ್ತಲೇ ಹೇಳಿದರು: "ಮೇಡಮ್, ಝೆರಾಕ್ಸದಿಂದ ಕಾಲೇಜ ನಡಿಯಂಗಿಲ್ರಿ. ಈ ಸಲ ಎಂಟ ಆಗ್ಲಿಲ್ಲಂದ್ರ ನನ್ನ ಕೈಯಾಗ ಏನೂ ಇಲ್ಲ ನೋಡ್ರಿ."

ಹೋದ ವರ್ಷ ಏಳು ಆಗಿದ್ದವು. ಎಂಟನೆಯದಕ್ಕೆ ಸಿರಸಂಗಿಗೆ ಹೋದೆ. ಹುಡುಗಿಗೆ ಐವತ್ಮೂರು ಪರ್ಸೆಂಟ್. ತಾಯಿ ಹೊಲದಿಂದ ಓಡಿಬಂದು, ಕೈ ತೊಳೆದು, "ಕುಂತ್ರಿ ಮೇಡಮ್" ಎಂದು ಚಾಪೆ ಹಾಸಿದಳು. ಅವಲಕ್ಕಿ ಬಂತು. ನಾನು ಮೊದಲ ವರ್ಷದ ರಿಯಾಯಿತಿ ಹೇಳಿದೆ, ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ ಐತಿ, ರಾಮದುರ್ಗ ಏನು ದೂರ ಎಂದೆ. ಹುಡುಗಿ ಬಾಗಿಲ ಹಿಂದಿನಿಂದ ಮುಂದೆ ಬಂದು ಕೇಳಿದಳು: "ಮೇಡಮ್, ಸವದತ್ತಿ ಸರ್ಕಾರಿ ಕಾಲೇಜದಾಗ ನನಗ ಸೀಟ ಸಿಗಂಗಿಲ್ಲೇನ್ರಿ?"

"ಈ ಮಾರ್ಕ್ಸಿಗೆ ಕಷ್ಟ ಐತವ್ವಾ," ಎಂದೆ.

ಎಷ್ಟೋ ವರ್ಷದಿಂದ ಆ ಮಾತು ನನ್ನ ಬಾಯಲ್ಲೇ ಇತ್ತೇನೋ ಎಂಬಷ್ಟು ಸಲೀಸಾಗಿ ಬಂತು. ತಾಯಿ ಟಿಸಿ ತಂದಳು. ಮೂಲೆಗೆ ಕುಂಕುಮ ಹಚ್ಚಿ, ಎಲೆ ಅಡಿಕೆ ಇಟ್ಟು ಕೊಟ್ಟಳು. ನಾನು ಕಣ್ಣಿಗೊತ್ತಿಕೊಂಡೆ. ಥೂ, ನನ್ನ ಜನ್ಮಕ್ಕಿಷ್ಟು!

ಆ ವಾರವೆಲ್ಲ ಸ್ಟಾಫ್ ರೂಮಿನ ಬಾಗಿಲು ನೋಡುತ್ತ ಕುಳಿತೆ. ಅವಳು ನನ್ನ ಹಾಗೇ ಸಿಟ್ಟಿನಿಂದ ಬರುತ್ತಾಳೆ, ಬೈಯುತ್ತಾಳೆ, ಬಂದರೆ ಕೊಟ್ಟುಬಿಡುತ್ತೇನೆ ಎಂದುಕೊಂಡೆ. ಅವಳು ಬರಲಿಲ್ಲ. ಬಂದದ್ದು ಕ್ಲಾಸು ಶುರುವಾದ ದಿನ, ಎರಡು ಜಡೆ ಹಾಕಿಕೊಂಡು, ಕೈಯಲ್ಲಿ ಶೇಂಗಾ ಉಂಡಿಯ ಡಬ್ಬಿ ಹಿಡಿದುಕೊಂಡು. "ಅವ್ವ ಕೊಟ್ಟಾಳ್ರಿ. ನಿಮ್ಮಿಂದ ಸೀಟ ಸಿಕ್ತಲ್ರಿ." ವರ್ಷಪೂರ್ತಿ ಮುಂದಿನ ಬೆಂಚಿನಲ್ಲಿ ಕುಳಿತಳು. ಅವಳ ಕಡೆ ನೋಡದೆ ಪಾಠ ಮಾಡುವುದನ್ನು ನಾನು ಕಲಿತೆ.

ಈ ಜೂನಿನಲ್ಲಿ ಎರಡನೇ ವರ್ಷದ ಫೀ ನೋಟಿಸು ಹಚ್ಚಿದರು. ರಿಯಾಯಿತಿ ಇಲ್ಲ. ಅವಳು ಸ್ಟಾಫ್ ರೂಮಿಗೆ ಬಂದಳು.

"ಇಷ್ಟು ಆಗೂದಿಲ್ರಿ ಮೇಡಮ್. ಅವ್ವ ಬಿಟ್ಬಿಡು ಅಂದಾಳ. ನೀವ್ ಹೇಳಿದ್ರ ಕಡಿಮಿ ಮಾಡ್ತಾರಲ್ರಿ?"

ನಾನು ಆಗಲೇ ಆಫೀಸಿನಲ್ಲಿ ಕೇಳಿ, ಬೇಡಿ, ಜಗಳವಾಡಿ ಬಂದಿದ್ದೆ. ಆಗುವುದಿಲ್ಲವೆಂದಿದ್ದರು. ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದೆ.

"ಓದೂದ ಬಿಡಬ್ಯಾಡ. ಇಲ್ಲಿಂದ ಟಿಸಿ ತಗೊಂಡ ಸವದತ್ತಿ ಸರ್ಕಾರಿ ಕಾಲೇಜಿಗೆ ಹೋಗು. ನಾ ಜೋಡಿ ಬರತೇನಿ."

"ನನ್ನ ಮಾರ್ಕ್ಸಿಗೆ ತಗೋತಾರೇನ್ರಿ?"

"ತಗೋತಾರ. ಹ್ವಾದ ವರ್ಷನೂ ತಗೋತಿದ್ರು."

ಸಿಟ್ಟು ಬರಲಿ, ಬೈಯಲಿ ಎಂದು ಕಾದೆ. ಅವಳ ಮುಖದಲ್ಲಿ ಸಿಟ್ಟೇ ಇರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದಳು:

"ಹಂಗಾರ ಆವತ್ತ ಯಾಕ ಹೇಳ್ಲಿಲ್ರಿ, ಮೇಡಮ್?"

"ಎಂಟ ಮಂದಿ ಬೇಕಾಗಿತ್ತವ್ವಾ ನನಗ," ಎಂದೆ. "ನೀ ಎಂಟನೇದಾಕಿ."