ಏರಿಸಿಟ್ಟ ಫೀಡರುಗಳು

ಸುತ್ತಲಿನವರಿಗೆಲ್ಲ ಆಕೆ ಶೆಡ್ಡಿನಕ್ಕ. ಶೆಡ್ಡು ಮಾತ್ರ ಗಂಡನ ಹೆಸರಿನಲ್ಲಿತ್ತು. ಎರಡು ಸಾವಿರ ಬ್ರಾಯ್ಲರ್ ಮರಿಗಳಿಗೆ ನೀರಿಡುವುದು, ನೆಲಕ್ಕೆ ಹಾಸಿದ ಹೊಟ್ಟು ಕೆದರಿ ಒಣಗಿಸುವುದು, ಸತ್ತವನ್ನು ಹೆಕ್ಕುವುದು, ನಡುವೆ ಓಡಿಬಂದು ಮನೆಯವರಿಗೆ ಬಡಿಸುವುದು ಇವಳ ಪಾಲು. ಮರಿ ಕೊಡುವ ಕಂಪನಿಯವರು ಬಂದಾಗ ಕುರ್ಚಿಯಲ್ಲಿ ಕೂತು ಮಾತಾಡುವುದು ಗಂಡನ ಪಾಲು.

ಅಷ್ಟು ಎತ್ತರದ ಬೆಟ್ಟದಲ್ಲಿ ಬೇರೆ ಯಾರೂ ಬ್ರಾಯ್ಲರ್ ಸಾಕುತ್ತಿರಲಿಲ್ಲ. ನಾಲ್ಕು ವಾರ ದುಂಡಗೆ ಬೆಳೆದ ಕೋಳಿಗಳು ಐದನೆಯ ವಾರಕ್ಕೆ ಜುಟ್ಟು ನೀಲಿಗಟ್ಟಿ, ಏದುಸಿರು ಬಿಡುತ್ತ, ನೀರು ತುಂಬಿದ ಹೊಟ್ಟೆ ಹೊತ್ತು ಬೀಳುತ್ತಿದ್ದವು. ಎರಡು ತಂಡ ಹೀಗೇ ಹೋಯಿತು. ಮೂರನೆಯದೂ ಹೋದರೆ ಮುಂದೆ ಮರಿ ಇಲ್ಲವೆಂದು ಕಂಪನಿಯವರು ಹೇಳಿಹೋದರು. ಹಾಗಾದರೆ ಶೆಡ್ಡು ಮುಚ್ಚಿ, ಕೆಳಗಿನ ಊರಿನ ಅಣ್ಣನ ಮನೆ ಸೇರುವುದೆಂದು ಗಂಡ ತೀರ್ಮಾನಿಸಿದ. ಹನ್ನೊಂದು ಜನರ ಆ ಮನೆಯ ಅಡುಗೆಕೋಣೆಗೆ ಕಿಟಕಿಯಿಲ್ಲ. ಮದುವೆಯಾದ ಹೊಸದರಲ್ಲಿ ಐದು ವರ್ಷ ಅಲ್ಲೇ ಬೆಂದು ಬಂದವಳು ಆಕೆ.

ಪಶುವೈದ್ಯ ಬಂದ ದಿನ ಚಹಾ ಕೊಟ್ಟು ಬಾಗಿಲಲ್ಲೇ ನಿಂತಳು. ಇಲ್ಲಿ ಗಾಳಿ ತೆಳು, ಮೈ ಬೆಳೆಯುವ ವೇಗಕ್ಕೆ ಉಸಿರು ಸಾಲದೆ ಗುಂಡಿಗೆ ಸೋಲುತ್ತದೆ, ಎಳೆಯದರಲ್ಲಿ ದಿನಕ್ಕೆ ಕೆಲವು ಗಂಟೆ ಕಾಳು ತಪ್ಪಿಸಿ ನಿಧಾನ ಬೆಳೆಸಿ ಎಂದ ಆತ. ಗಂಡ ತಲೆಯಾಡಿಸಿದ. ಆತ ಗೇಟು ದಾಟಿದ ಮೇಲೆ, ಕೋಳಿ ದಪ್ಪ ಆಗಬಾರದಂತೆ, ನಾಳೆ ಹಸು ಹಾಲು ಕೊಡಬಾರದು ಅಂತಾನೆ ಎಂದು ನಕ್ಕ.

ಮೂರನೆಯ ತಂಡದ ಮರಿಗಳಿಗೆ ವಾರ ತುಂಬಿದಾಗಿನಿಂದ, ಮಧ್ಯಾಹ್ನ ಗಂಡ ಉಂಡು ಮಲಗಿದ ಹೊತ್ತಿಗೆ ಆಕೆ ಶೆಡ್ಡಿಗೆ ಹೋಗಿ ಹಗ್ಗ ಎಳೆದು, ಕಾಳು ತುಂಬಿದ ಫೀಡರುಗಳನ್ನೆಲ್ಲ ಮರಿಗಳಿಗೆ ಎಟುಕದಂತೆ ಎದೆಮಟ್ಟಕ್ಕೆ ಏರಿಸತೊಡಗಿದಳು. ಗಾಳಿಗೆಂದು ಶೆಡ್ಡಿನ ಬದಿಯ ಪರದೆಯನ್ನೂ ಒಂದು ಗೇಣು ಸರಿಸುತ್ತಿದ್ದಳು. ಅವನು ಏಳುವ ಮುಂಚೆ ಎಲ್ಲವೂ ಮೊದಲಿನಂತೆ. ವಾರಕ್ಕೊಮ್ಮೆ ತೂಕ ನೋಡಲು ಹತ್ತು ಕೋಳಿ ಹಿಡಿದುಕೊಡು ಎಂದರೆ, ದಪ್ಪನೆಯವನ್ನೇ ಹುಡುಕಿ ಹಿಡಿಯುತ್ತಿದ್ದಳು.

ಹೀಗೆ ಶುರುವಾದ ಹದಿನಾರನೆಯ ದಿನ, ತಮ್ಮ ಮಾತ್ರೆ ಕೇಳಲು ಶೆಡ್ಡಿಗೆ ಬಂದ ಅತ್ತೆ, ತೂಗುವ ಫೀಡರುಗಳನ್ನು ಕಂಡು, ಇಷ್ಟೊಂದು ತೊಟ್ಟಿಲು ಯಾರಿಗೆ ಕಟ್ಟಿದೀಯೇ ಎಂದರು. ಕೆಳಗೆ ಬರಿ ಹೊಟ್ಟು ಕುಕ್ಕುತ್ತಿದ್ದ ಮರಿಗಳನ್ನು ನೋಡಿದ ಮೇಲೆ ಅವರ ಮುಖದ ನಗೆ ಇಂಗಿತು. ಸೊಸೆ ಮೂರು ಗಂಟೆಗೆ ಉಣ್ಣುವುದು ಯಾರ ಕಣ್ಣಿಗೂ ಬೀಳದ ಆ ಮನೆಯಲ್ಲಿ, ಕೋಳಿ ಮೂರು ಗಂಟೆ ಹಸಿದದ್ದು ದೊಡ್ಡ ಸುದ್ದಿಯಾಯಿತು.

ಡಾಕ್ಟರು ಹೇಳಿದ್ದನ್ನೇ ಮಾಡಿದೆ ಎಂದಳು ಆಕೆ.

"ಡಾಕ್ಟರು ಹೇಳಿದ್ದು ನನಗೆ. ನಿನಗಲ್ಲ," ಎಂದ ಗಂಡ.

ಅಂದಿನಿಂದ ಅವನೇ ಕಾಳು ಸುರಿದ. ಕಡಿಮೆಬಿದ್ದ ತೂಕ ತುಂಬಿಸಬೇಕೆಂದು ರಾತ್ರಿಯೂ ದೀಪ ಆರಿಸದೆ ತಿನ್ನಿಸಿದ. ಚಳಿ ತಾಗದಿರಲಿ ಎಂದು ಪರದೆಯ ಅಂಚಿಗೆಲ್ಲ ಮೊಳೆ ಹೊಡೆದ. ಕೋಳಿಗಳು ನೋಡನೋಡುತ್ತಿದ್ದಂತೆ ಉಬ್ಬಿದವು. ಐದನೆಯ ವಾರ ಆಕೆ ಬೆಳಗಿಗೆ ಒಂದು ಬುಟ್ಟಿ ಸತ್ತವನ್ನು ಹೆಕ್ಕಿದಳು. ಆಮೇಲೆ ಮೂರು, ಆಮೇಲೆ ಕೈಗಾಡಿ ತಂದಳು.

ಒಂದನ್ನು ಅಂಗಳದ ಕಲ್ಲಿನ ಮೇಲೆ ಸೀಳಿದಳು. ಹಳದಿ ನೀರು ಹರಿಯಿತು. "ನೋಡಿ, ಗುಂಡಿಗೆ ಹೇಗೆ ಜೋತುಬಿದ್ದಿದೆ. ಇದು ಹಸಿವಿನಿಂದ ಆಗಿದ್ದಲ್ಲ ರೀ."

"ಮರಿಯಲ್ಲೇ ಉಪವಾಸ ಕೆಡವಿ ಬಲ ತೆಗೆದವಳು ನೀನು," ಎಂದ ಅವನು, ಕಲ್ಲಿನ ಕಡೆ ನೋಡದೆ. "ಈಗ ನನಗೇ ಪಾಠ."

ಕಂಪನಿಯವರಿಗೂ ಅದನ್ನೇ ಹೇಳಿದ: ಹೆಂಗಸರ ಕೈಗೆ ಬಿಟ್ಟದ್ದೇ ತಪ್ಪಾಯಿತು ಅಂತ. ಚಹಾ ತಂದವಳನ್ನು ಅವರು ಏನೂ ಕೇಳಲಿಲ್ಲ. ಲೋಟ ಖಾಲಿ ಮಾಡಿ, ಶೆಡ್ಡಿನೊಳಗೆ ಕಾಲಿಡದೆಯೇ ಇಳಿದುಹೋದರು.

ಆ ಸಂಜೆ ಗಂಡ ಅಣ್ಣನಿಗೆ ಫೋನು ಮಾಡಿದ. ಮಾತು ಮುಗಿಸಿ ಒಳಗೆ ಬಂದವನು, ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ಇವಳೊಬ್ಬಳು ಮುಂದಾಗಿ ಹೊರಡಬೇಕೆಂದ. ಅಲ್ಲಿ ಅಡುಗೆ ಕೆಲಸಕ್ಕೆ ಬರುತ್ತಿದ್ದ ಹೆಂಗಸನ್ನು ಅವರು, ಇವಳು ಬರುತ್ತಾಳೆಂದು, ತಿಂಗಳ ಹಿಂದೆಯೇ ಬಿಡಿಸಿದ್ದರಂತೆ.