ವಸ್ತಿ ಗಾಡಿಯ ಪಾಸಿನವರು

ಅವರ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದವಾಗಿತ್ತು. ಉಳಿದ ಉಗುರುಗಳನ್ನು ಶುಕ್ರವಾರಕ್ಕೊಮ್ಮೆ ನೀಟಾಗಿ ಕತ್ತರಿಸಿಕೊಳ್ಳುತ್ತಿದ್ದ ಮನುಷ್ಯ ಇದೊಂದನ್ನು ಬೆಳೆಯಲು ಬಿಟ್ಟು, ತುದಿಯನ್ನು ಬ್ಲೇಡಿನಿಂದ ಹೆರೆದು ಸಪಾಟು ಮಾಡಿಟ್ಟುಕೊಂಡಿದ್ದರು. ಅದನ್ನು ಟಿಕೆಟ್ ಕಟ್ಟಿನ ಮೇಲಿಟ್ಟು ಸರ್ರನೆ ಎಳೆದರೆ ಒಂದೇ ಒಂದು ಟಿಕೆಟ್, ಅಂಚು ಹರಿಯದೆ, ಈಚೆ ಬರುತ್ತಿತ್ತು. ತಿಳಿಗುಲಾಬಿ, ಹಸಿರು, ಹಳದಿ, ಯಾವ ಬಣ್ಣದ್ದಾದರೂ ಅಷ್ಟೇ. ಸಾಲೆಗೆ ಹೋಗುವ ವಯಸ್ಸಿನಲ್ಲಿ ಆ ಉಗುರಿನ ಕೆಲಸ ನೋಡಲಿಕ್ಕೆಂದೇ ನಾನು ಬಾಗಿಲ ಹತ್ತಿರದ ಸೀಟಿಗೆ ಜಗಳವಾಡುತ್ತಿದ್ದೆ.

ಅವರು ನಮ್ಮೂರ ವಸ್ತಿ ಗಾಡಿಯ ಕಂಡಕ್ಟರ್. ನಮ್ಮೂರು ಉಪ್ಪಿನಬೆಟಗೇರಿಯಿಂದಲೂ ಒಳಗೆ. ಸಂಜೆಯ ಕಡೇ ಬಸ್ಸು ಧಾರವಾಡದಿಂದ ಬಂದು ರಾತ್ರಿ ನಮ್ಮಲ್ಲೇ ನಿಂತು, ಬೆಳಗ್ಗೆ ಮೊದಲ ಗಾಡಿಯಾಗಿ ವಾಪಸ್ ಹೊರಡುತ್ತಿತ್ತು. ಡ್ರೈವರ್, ಕಂಡಕ್ಟರ್ ಇಬ್ಬರೂ ಪಂಚಾಯ್ತಿ ಕಟ್ಟೆಯ ಮೇಲೆ ಮಲಗುತ್ತಿದ್ದರು. ಅವರ ಊಟ ಊರಿನ ಪಾಳಿ, ದಿನಕ್ಕೊಂದು ಮನೆಯ ರೊಟ್ಟಿ. ಡ್ರೈವರುಗಳು ಬದಲಾಗುತ್ತಲೇ ಇದ್ದರು. ತೊಂಬತ್ತರ ದಶಕದ ಕೊನೆಗೆ ಬಂದ ಇವರು ಮಾತ್ರ ಬೇರೆ ರೂಟು ಬಿದ್ದಾಗಲೆಲ್ಲ ಯಾರನ್ನೋ ಹಿಡಿದು, ಬೇಡಿಕೊಂಡು, ಮತ್ತೆ ನಮ್ಮೂರಿಗೇ ಬರುತ್ತಿದ್ದರು. ಮನೆ ಹಳೇ ಹುಬ್ಬಳ್ಳಿಯಲ್ಲಿ. ಊರಿಗೆಲ್ಲ ಅವರು ಕಂಡಕ್ಟರ್ ಕಾಕಾ.

ಕಾಕಾನಿಗೆ ಬದನೆಕಾಯಿ ಸೇರುತ್ತಿರಲಿಲ್ಲ. ನಮ್ಮ ಕಡೆ ಇದೇನು ಸಣ್ಣ ದೋಷವಲ್ಲ. ಎಣ್ಣೆಗಾಯಿ ಬಂದ ದಿನ ಅದನ್ನು ಡ್ರೈವರಿನ ತಾಟಿಗೆ ದಾಟಿಸಿ, ಶೇಂಗಾ ಚಟ್ನಿಯಲ್ಲೇ ರೊಟ್ಟಿ ಮುಗಿಸಿ, ಕೊಟ್ಟ ಮನೆಯವರ ಮುಂದೆ ಪಲ್ಯ ಭಾರಿ ಛಲೋ ಆಗಿತ್ತೆಂದು ಹೊಗಳುತ್ತಿದ್ದರು. ನಮ್ಮ ಪಾಳಿ ಬಂದಾಗ ಅವ್ವ ಕಡಲೆಹಿಟ್ಟಿನ ಜುಣಕವನ್ನೇ ಮಾಡುತ್ತಿದ್ದಳು. ರಮಜಾನ್ ತಿಂಗಳಲ್ಲಿ ಕಾಕಾನ ರೋಜಾಕ್ಕೆಂದು ನಸುಕಿಗೆ ಮುಂಚೆ ಎದ್ದು ಬಿಸಿ ರೊಟ್ಟಿ ಬಡಿದು ಕಟ್ಟೆಗೆ ಕಳಿಸುತ್ತಿದ್ದಳು. ತನಗೊಂದು ದಿನವೂ ಇಷ್ಟು ಲಗೂ ರೊಟ್ಟಿ ಸಿಕ್ಕಿಲ್ಲವೆಂದು ಅಪ್ಪ ಹಾಸಿಗೆಯಲ್ಲೇ ಗೊಣಗುತ್ತಿದ್ದ.

ಪ್ರತಿ ಸ್ಟೇಜಿಗೂ ಕಾಕಾ ಗಾಡಿ ನಿಲ್ಲಿಸಿ ವೇ ಬಿಲ್ ಬರೆಯುತ್ತಿದ್ದರು. ಎಲ್ಲಿಂದ ಎಲ್ಲಿಗೆ ಎಷ್ಟು ಟಿಕೆಟ್ ಹೋದವೆಂದು ತುಂಬುವ ದೊಡ್ಡ ಹಾಳೆ ಅದು. ತುಂಬಿದ ಮೇಲೆ ಅಂಚಿನ ಖಾಲಿ ಜಾಗದಲ್ಲಿ ಪಾಸಿನವರು ಎಷ್ಟು ಮಂದಿ ಎಂಬುದನ್ನೂ ಸಣ್ಣಕ್ಷರದಲ್ಲಿ ಗೀಚುತ್ತಿದ್ದರು. ಹಾಗೆ ಬರೆಯಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಮತ್ತೆ ಯಾಕೆ ಬರೆಯುತ್ತೀರಿ ಎಂದು ನಾನೊಮ್ಮೆ ಕೇಳಿದ್ದೆ.

"ಗಾಡಿ ಏರಿದವರೆಲ್ಲಾ ಲೆಕ್ಕದಾಗ ಇರಬೇಕು, ತಂಗಿ," ಅಂದಿದ್ದರು.

ನಾನೂ ಪಾಸಿನವಳಾದದ್ದು ಧಾರವಾಡದ ಕಾಲೇಜಿಗೆ ಸೇರಿದ ಮೇಲೆ. ನಮ್ಮೂರಿನಿಂದ, ದಾರಿಯ ಹಳ್ಳಿಗಳಿಂದ ಹುಡುಗಿಯರ ಒಂದು ದೊಡ್ಡ ಹಿಂಡೇ ಆ ಗಾಡಿಯಲ್ಲಿ ಕಾಲೇಜಿಗೆ ಹೋಗುತ್ತಿತ್ತು. ದಿನಾ ನೋಡುವ ಮುಖವಾದರೂ ದಿನಾ ಪಾಸು ತೋರಿಸಲೇಬೇಕು. ಬೇಸರ ಮಾಡಿಕೊಂಡರೆ ಕಾಕಾ, "ನಿನ್ನ ಮಾರಿ ಗುರ್ತೈತಿ. ನಿನ್ನ ಪಾಸಿನ ಮಾರಿ ಇವತ್ತ ನೋಡಿಲ್ಲಲ್ಲ," ಅನ್ನುತ್ತಿದ್ದರು. ನಾವು ನಗುವವರೆಗೂ ಚಾಚಿದ ಕೈ ಹಿಂದೆ ತೆಗೆದುಕೊಳ್ಳುತ್ತಿರಲಿಲ್ಲ.

ಕಾಲೇಜಿಗೆ ಕಳಿಸುವಾಗ ಅಪ್ಪ ಒಂದೇ ಷರತ್ತು ಹಾಕಿದ್ದ. ವಸ್ತಿ ಗಾಡಿ ಇರುವ ತನಕ ಕಾಲೇಜು, ಗಾಡಿ ನಿಂತರೆ ಕಾಲೇಜೂ ನಿಂತ ಹಾಗೆ. ಅವನದು ಹಟವೆಂದು ನಾನೀಗ ಹೇಳಲಾರೆ. ಆ ಗಾಡಿ ಬಿಟ್ಟರೆ ಮುಂದಿನ ಬಸ್ಸು ಧಾರವಾಡ ಮುಟ್ಟುವ ಹೊತ್ತಿಗೆ ಅರ್ಧ ಕಾಲೇಜು ಮುಗಿದಿರುತ್ತಿತ್ತು. ಧಾರವಾಡದಲ್ಲೇ ರೂಮು ಮಾಡಿಕೊಂಡು ಇರುವ ಮಾತು ನಮ್ಮ ಮನೆಯಲ್ಲಿ ಏಳುವಂತೆಯೇ ಇರಲಿಲ್ಲ.

ನಾನು ಬಿಎಸ್ಸಿ ಎರಡನೇ ವರ್ಷದಲ್ಲಿದ್ದಾಗ ಒಂದು ಬೆಳಗ್ಗೆ ನೋಡಿದರೆ ಕಾಕಾನ ಆ ಉಗುರು ಇಲ್ಲ. ಉಳಿದವುಗಳ ಸಮಕ್ಕೆ ಕತ್ತರಿಸಿಬಿಟ್ಟಿದ್ದರು. ಕೈಯಲ್ಲಿ ಟಿಕೆಟ್ ಕಟ್ಟಿನ ಬದಲು ಕಪ್ಪು ಮಷೀನು. ಆ ಉಗುರಿಗೆ ಇನ್ನು ಕೆಲಸವಿಲ್ಲವಲ್ಲ ಎಂದು ನಕ್ಕರು. ನನಗೇ ಸಂಕಟವಾಯಿತು, ಅವರಿಗೆ ಎಳ್ಳಷ್ಟೂ ಆಗಿರಲಿಲ್ಲ.

ಆ ವರ್ಷಗಳಲ್ಲಿ ಹುಬ್ಬಳ್ಳಿಯಲ್ಲಿ ಎಲ್ಲಿ ಹೋದರೂ ಕೌಂಟರಿನಾಚೆ ಒಂದು ಪರದೆ ಬಂದು ಕೂತಿರುತ್ತಿತ್ತು. ಬ್ಯಾಂಕಿನಲ್ಲಿ, ರೈಲ್ವೆ ಸ್ಟೇಷನ್ನಿನಲ್ಲಿ, ಸಗಟು ಅಂಗಡಿಯವರ ಗಾದಿಯ ಪಕ್ಕದಲ್ಲಿ ಕೂಡ. ಬಸ್ಸಿಗೂ ಅದು ಬಂತು. ಬೇರೆ ಕಂಡಕ್ಟರುಗಳು ಮಷೀನನ್ನು ಬೈಯುತ್ತಿದ್ದರಂತೆ. ಕಾಕಾ ಮಾತ್ರ ಹಳೇ ಖಾಕಿ ಪ್ಯಾಂಟು ಕತ್ತರಿಸಿ ಅದಕ್ಕೊಂದು ಚೀಲ ಹೊಲಿಸಿದರು. ಸಂಜೆ ಗಾಡಿ ಇಳಿದವರೇ ಮೊದಲು ಹಿಟ್ಟಿನ ಗಿರಣಿಗೆ ಹೋಗಿ ಅದನ್ನು ಚಾರ್ಜಿಗೆ ಹಾಕುತ್ತಿದ್ದರು, ಆಮೇಲೆ ತಮ್ಮ ಮುಖ ತೊಳೆಯುತ್ತಿದ್ದರು. ನಮ್ಮೂರ ಮುದುಕಿಯೊಬ್ಬಳು ಆ ಬಿಳಿ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಇದು ಕಿರಾಣಿ ಅಂಗಡಿಯ ಚೀಟಿ, ನನಗೆ ಬಣ್ಣದ ಟಿಕೆಟ್ಟೇ ಬೇಕೆಂದು ಪಟ್ಟು ಹಿಡಿದಿದ್ದಳು. ಕಾಕಾ ಅವಳ ಪಕ್ಕ ಕೂತು, ಎಲ್ಲಿ ಏರಿದಿ, ಎಲ್ಲಿ ಇಳಿಯುತ್ತೀ, ಎಷ್ಟು ಹೊತ್ತಿಗೆ ಎಂಬುದೆಲ್ಲ ಇದರಲ್ಲಿದೆ ಎಂದು ಒಂದೊಂದೇ ಸಾಲು ಓದಿ ಹೇಳಿದರು. "ಈ ಮಷೀನ್ ಸುಳ್ಳ ಹೇಳೂದಿಲ್ಲ, ಆಯಿ." ಮುದುಕಿ ಚೀಟಿಯನ್ನು ಸೊಂಟದ ಸಂಚಿಯಲ್ಲಿಟ್ಟುಕೊಂಡಳು, ನಂಬಲಿಲ್ಲ.

ಮಷೀನಿನಿಂದ ಒಳ್ಳೆಯದೂ ಆಯಿತು. ಗರಗದ ಕಡೆ ಸಂತೆಯ ದಿನ ನಿಲ್ಲಲೂ ಜಾಗ ಸಿಗದ ಗಾಡಿಯ ಲೆಕ್ಕ ನೋಡಿ ಕಚೇರಿಯವರು ಇನ್ನೊಂದು ಗಾಡಿ ಬಿಟ್ಟರು. ವರ್ಷಗಟ್ಟಲೆ ಅರ್ಜಿ ಕೊಟ್ಟು ಆಗದ ಕೆಲಸ ಅದು. ಕಾಕಾ ತಾವೇ ಬಿಡಿಸಿದಷ್ಟು ಖುಷಿಯಿಂದ ಈ ಸುದ್ದಿಯನ್ನು ವಾರವಿಡೀ ಹೇಳಿದರು.

ಮಷೀನಿನ ಕಾಗದದ ಸುರುಳಿ ಹಾಳು ಮಾಡಬೇಡಿರೆಂದು ಡಿಪೊದಲ್ಲಿ ಹೇಳಿದ್ದರು. ಅನ್ನದ ಅಗುಳು ಬಿದ್ದರೂ ಆರಿಸಿಕೊಳ್ಳುವ ಕಾಕಾನಿಗೆ ಇಷ್ಟು ಹೇಳಿದ್ದೇ ಸಾಕಾಯಿತು. ಎಲ್ಲರಿಗಿಂತ ಹೆಚ್ಚು ದಿನ ಬಾಳುತ್ತಿದ್ದುದು ಅವರದೇ ಸುರುಳಿ. ಮೇಲಿನವರು ನಾಲ್ಕು ಮಂದಿಯ ಎದುರು ಬೆನ್ನು ತಟ್ಟಿದ್ದರು. ಅದನ್ನು ನಮಗೆ ಹೇಳುವಾಗ ಅವರ ಬೆನ್ನು ತಾನಾಗಿಯೇ ನೆಟ್ಟಗಾಗುತ್ತಿತ್ತು.

ಹೀಗಿರುವಾಗ ಒಂದು ಸಂಜೆ ಕಾಕಾ ಗಿರಣಿಗೆ ಹೋಗದೆ ಮಷೀನನ್ನು ಬಗಲಲ್ಲಿಟ್ಟುಕೊಂಡೇ ನಮ್ಮ ಕಟ್ಟೆಗೆ ಬಂದು ಕೂತರು. ಮುಂದಿನ ತಿಂಗಳಿನಿಂದ ವಸ್ತಿ ಗಾಡಿ ಬಂದ್ ಆಗುತ್ತದೆಂದು ಅಪ್ಪನಿಗೆ ಹೇಳಿದರು. ಬೆಳಗಿನ ಗಾಡಿ ದಿನಾ ಖಾಲಿ ಓಡುತ್ತದೆ ಎಂಬುದು ಕಾರಣ. ನಾನು ಒಳಗಿನಿಂದ ಕೇಳಿಸಿಕೊಂಡೆ, ಕೇಳಿದ್ದು ತಲೆಗೆ ಹತ್ತಲಿಲ್ಲ. ಅವತ್ತು ಬೆಳಗ್ಗೆ ಕೂಡ ಧಾರವಾಡದವರೆಗೆ ನಾನು ಒಂಟಿ ಕಾಲಿನ ಮೇಲೆ ನಿಂತು ಹೋಗಿದ್ದೆ.

ಕಾಕಾ ಕಚೇರಿಗೆ ಹೋಗಿ ಇದನ್ನೇ ಹೇಳಿದ್ದರಂತೆ. ಅಲ್ಲಿಯ ಸಾಹೇಬರು ಕೆಟ್ಟವರಲ್ಲ. ಕೂಡಿಸಿ ಚಹಾ ಕೊಟ್ಟು, ಕಂಪ್ಯೂಟರಿನಿಂದ ಬಂದ ಹಾಳೆಯನ್ನು ಇವರ ಕಡೆ ತಿರುಗಿಸಿದರಂತೆ. ಟಿಕೆಟ್ ತೆಗೆದವರು ಬೆರಳೆಣಿಕೆಯಷ್ಟು ಮಂದಿ, ದಿನ ದಿನವೂ ಅಷ್ಟೇ. "ಈ ಲೆಕ್ಕ ನಾನು ಬರದಿದ್ದಲ್ಲರಿ. ನಿಮ್ಮ ಕೈಯಾಗಿನ ಮಷೀನ ಬರದಿದ್ದು," ಎಂದರಂತೆ. ಪಾಸು ಎಷ್ಟು ಕೊಟ್ಟಿದ್ದಾರೆ ಎಂಬುದು ಇನ್ನೊಂದು ವಿಭಾಗದಲ್ಲಿತ್ತು. ಆ ಪಾಸಿನವರು ಯಾವ ಗಾಡಿ ಏರುತ್ತಾರೆ ಎಂಬುದು ಎಲ್ಲಿಯೂ ಇರಲಿಲ್ಲ. ಮೊದಲು ಇದ್ದದ್ದು ವೇ ಬಿಲ್ಲಿನ ಅಂಚಿನಲ್ಲಿ, ಕಾಕಾನ ಸಣ್ಣಕ್ಷರದಲ್ಲಿ. ಈಗ ಕೈಯಿಂದ ವೇ ಬಿಲ್ ಬರೆಯುವುದು ನಿಂತಿತ್ತು, ಮಷೀನಿಗೆ ಅಂಥ ಅಂಚು ಇರಲಿಲ್ಲ. ಪಾಸಿನವರಿಗೆಂದು ಒಂದು ಗುಂಡಿ ಇತ್ತು. ಅದನ್ನು ಒತ್ತಿದರೆ ಸೊನ್ನೆ ರೂಪಾಯಿಯ ಟಿಕೆಟ್ ಬರುತ್ತಿತ್ತು. ದುಡ್ಡಿಲ್ಲದ ಟಿಕೆಟ್ಟಿಗೆ ಕಾಗದ ಯಾಕೆ ಹಾಳು ಎಂದು ಕಾಕಾ ಆ ಗುಂಡಿಯನ್ನು ಮುಟ್ಟಿಯೇ ಇರಲಿಲ್ಲ.

ಅವ್ವ ತಂದಿಟ್ಟ ತಾಟಿನಲ್ಲಿ ಜುಣಕವೇ ಇತ್ತು. ಅವರು ಕೈ ಹಾಕಲಿಲ್ಲ. ನನ್ನನ್ನು ಹೊರಗೆ ಕರೆದರು.

"ತಪ್ಪು ಮಷೀನಿಂದಲ್ಲ, ತಂಗಿ. ಕಾಗದಾ ಉಳಿಸಾಕ ಹೋಗಿ ನಿಮ್ಮನ್ನ ನಾನ ಅಳಿಸಿ ಒಗದೇನಿ."

ನನಗೆ ಅವರ ಮೇಲೆ ಸಿಟ್ಟು ಬಂದಿತ್ತು, ಅದನ್ನು ಮುಚ್ಚಿಡಲಾರೆ. ಅಪ್ಪ ತಾಟನ್ನು ಅವರ ಮುಂದಕ್ಕೆ ಸರಿಸಿದ. "ಮೊದಲ ಉಣ್ರಿ. ತಿಂಗಳ ಮುಗಿಯಾಕ ಇನ್ನೂ ದಿನ ಅದಾವ," ಎಂದ. ಮಗಳನ್ನು ಕಾಲೇಜು ಬಿಡಿಸಲಿಕ್ಕೆ ನೆಪ ಸಿಕ್ಕಿದರೂ ಅಪ್ಪ ಆ ರಾತ್ರಿ ಅದನ್ನು ಎತ್ತಲಿಲ್ಲ ಎಂಬುದನ್ನು ನಾನು ಮರೆತಿಲ್ಲ.

ಸಾಹೇಬರೂ ಅಷ್ಟೇ ಹೇಳಿದ್ದರಂತೆ: ಮಂದಿ ಇದ್ದರೆ ಹಾಳೆಯಲ್ಲಿ ಕಾಣಲಿ, ತಿಂಗಳ ಕೊನೆಗೆ ನೋಡೋಣ.

ಮರುದಿನ ಬೆಳಗ್ಗೆ ಪಾಸು ತೋರಿಸಿದವರಿಗೆಲ್ಲ ಕಾಕಾ ಒಂದೊಂದು ಟಿಕೆಟ್ ಹರಿದು ಕೊಟ್ಟರು. ಸೊನ್ನೆ ರೂಪಾಯಿಯದು. ಮಷೀನು ನಿಧಾನ, ಒಂದೊಂದಕ್ಕೂ ಕಿರ್ ಕಿರ್ ಎಂದು ತನ್ನ ಹೊತ್ತು ತೆಗೆದುಕೊಳ್ಳುತ್ತಿತ್ತು. ಪ್ರತಿ ಹಳ್ಳಿಯಲ್ಲೂ ಗಾಡಿ ನಿಂತೇ ನಿಂತಿತು, ಡ್ರೈವರ್ ಸ್ಟೇರಿಂಗ್ ಮೇಲೆ ತಲೆಯಿಟ್ಟ. ಪಾಸಿದ್ದವರಿಗೆ ಟಿಕೆಟ್ ಏಕೆಂದು ಹುಡುಗಿಯರು ಕಿಸಕ್ಕೆಂದರು. ಬೇಡವೆಂದವರ ಕೈಯಲ್ಲೂ ಕಾಕಾ ಟಿಕೆಟ್ ಇಟ್ಟು ಬೆರಳು ಮಡಿಸಿದರು.

"ಇಳಿಯೂತನಕ ಕಳಕೋಬ್ಯಾಡ್ರಿ," ಎಂದು ಎಲ್ಲರಿಗೂ ಒಂದೇ ಮಾತು.

ದಿನಾ ಹೀಗೇ ನಡೆಯಿತು. ತಾವು ರಜೆಯ ಮೇಲಿದ್ದಾಗ ಬರುವ ಕಂಡಕ್ಟರನಿಗೂ ಕಾಲಿಗೆ ಬೀಳುವುದೊಂದು ಬಾಕಿ ಎನ್ನುವಷ್ಟು ಹೇಳಿದ್ದರು. ಕಾಗದ ಉಳಿಸುವುದರಲ್ಲಿ ಡಿಪೊಗೇ ಮೊದಲಿಗರಾಗಿದ್ದವರು ಆ ತಿಂಗಳು ಎಲ್ಲರಿಗಿಂತ ಹೆಚ್ಚು ಸುರುಳಿ ಮುಗಿಸಿದರು. ಅದಕ್ಕೆ ಕಾರಣ ಕೇಳಿ ಒಂದು ಮೆಮೊ ಕೂಡ ಬಂತು. ಅಷ್ಟು ವರ್ಷಗಳ ನೌಕರಿಯಲ್ಲಿ ಅವರಿಗೆ ಸಿಕ್ಕ ಮೊದಲ ಮೆಮೊ. ಅದನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು, ಮಗನ ಮದುವೆ ಕಾರ್ಡಿನ ಹಾಗೆ ಎಲ್ಲರಿಗೂ ತೋರಿಸಿದರು.

ಹೊಸ ತಿಂಗಳ ಮೊದಲ ಸಂಜೆ ನಾವು ಹುಡುಗಿಯರೆಲ್ಲ ಪಂಚಾಯ್ತಿ ಮುಂದೆ ನಿಂತೆವು. ಯಾರೂ ಯಾರಿಗೂ ಹೇಳಿ ಬಂದದ್ದಲ್ಲ. ನೀರಿಗೆ ಬಂದವಳ ಹಾಗೆ ಒಬ್ಬಳು, ಎಮ್ಮೆ ಹುಡುಕುವವಳ ಹಾಗೆ ಒಬ್ಬಳು. ಅಪ್ಪನೂ ಗಿರಣಿಯ ಬಾಗಿಲಲ್ಲಿ ನಿಂತು ಯಾರೊಂದಿಗೋ ಮಳೆಯ ವಿಷಯ ಮಾತಾಡುತ್ತಿದ್ದ, ಕಣ್ಣು ರಸ್ತೆಯ ಮೇಲಿತ್ತು. ಬರುವ ಹೊತ್ತು ದಾಟಿತು. ಕತ್ತಲಾಯಿತು. ನಾನು ಮನೆಯ ಕಡೆ ತಿರುಗಿದ್ದೆ, ಆಗ ಹಳ್ಳದ ಆಚೆ ದೀಪ ಕಂಡಿತು.

ಗಾಡಿ ಬಂದು ತನ್ನ ಜಾಗದಲ್ಲಿ ನಿಂತಿತು. ಕಾಕಾ ಇಳಿದರು. ನಮ್ಮೆಲ್ಲರನ್ನೂ ನೋಡಿ, ನೋಡದವರ ಹಾಗೆ ಮಷೀನಿನ ಚೀಲ ಸರಿಮಾಡಿಕೊಂಡು ಅಪ್ಪನನ್ನು ಕೇಳಿದರು.

"ಇವತ್ತ ಯಾರ ಮನಿ ರೊಟ್ಟಿರಿ?"

ಯಾರ ಪಾಳಿಯಾದರೇನು, ಅಪ್ಪ ಅವರನ್ನು ನಮ್ಮ ಮನೆಗೇ ಕರೆದುಕೊಂಡು ಬಂದ.

ನಾನು ಬಿಎಸ್ಸಿ ಮುಗಿಸಿದೆ. ಹುಬ್ಬಳ್ಳಿಯಲ್ಲಿ ಔಷಧಿ ಸಗಟು ವ್ಯಾಪಾರದ ಕಚೇರಿಯೊಂದರಲ್ಲಿ ಕೆಲಸ ಸಿಕ್ಕಿತು. ಯಾವ ಊರಿಗೆ ಯಾವ ಔಷಧಿ ಎಷ್ಟು ಹೋಗುತ್ತದೆಂದು ಕಂಪ್ಯೂಟರು ಹೇಳುತ್ತದೆ, ಯಾವ ಊರಿಗೆ ವ್ಯಾನು ಬೇಡವೆಂಬುದನ್ನೂ ಅದೇ ಹೇಳುತ್ತದೆ. ಹಾಳೆಯಲ್ಲಿ ಸೊನ್ನೆ ಕಂಡ ಊರನ್ನು ಹೊಡೆದು ಹಾಕುವ ಮುಂಚೆ ನಾನು ಒಂದು ಫೋನು ಮಾಡುತ್ತೇನೆ. ನಮ್ಮ ಲೆಕ್ಕಕ್ಕೆ ಸಿಗದವರು ಅಲ್ಲಿ ಯಾರಾದರೂ ಇದ್ದಾರೆಯೇ ಎಂದು ಕೇಳುತ್ತೇನೆ. ಕೆಲವು ಸಲ ಇರುತ್ತಾರೆ. ಜತೆಯವರಿಗೆ ಇದು ನನ್ನ ಹುಚ್ಚು. "ಪಾಸಿನವರು ಸಿಕ್ಕಿದರೇನ್ರಿ, ಮೇಡಂ?" ಎಂದು ಕಾಡುತ್ತಾರೆ. ನಾನೇನೂ ಬೇಸರ ಮಾಡಿಕೊಳ್ಳುವುದಿಲ್ಲ. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿತೆ. ಅದರಿಂದ ಮಾಡುವ ಕೆಲಸವನ್ನು ಆ ಗಾಡಿಯ ಬಾಗಿಲಲ್ಲಿ ಕಲಿತೆ.

ಕಾಕಾ ರಿಟೈರಾಗಿ ಬಹಳ ದಿನ ಉಳಿಯಲಿಲ್ಲ. ಎರಡು ಸಾವಿರದ ದಶಕ ಮುಗಿಯುವ ಹೊತ್ತಿಗೆ, ಒಂದು ಮಧ್ಯಾಹ್ನ ಮಲಗಿದವರು ಏಳಲಿಲ್ಲವಂತೆ. ಸುದ್ದಿ ನಮಗೆ ಮಣ್ಣಾದ ಮೇಲೆ ಮುಟ್ಟಿತು. ಮೂರನೇ ದಿನ ನಾವು ಕೆಲವರು ಕೂಡಿ ಹಳೇ ಹುಬ್ಬಳ್ಳಿಯ ಅವರ ಮನೆಗೆ ಹೋದೆವು. ಒಬ್ಬಳು ನರ್ಸ್, ಒಬ್ಬಳು ಸಾಲೆಯ ಟೀಚರು, ಇಬ್ಬರು ಕಂಕುಳಲ್ಲಿ ಕೂಸು ಹೊತ್ತವರು. ಒಳಗೆ ಹೆಂಗಸರು ಕಿಕ್ಕಿರಿದಿದ್ದರು. ಅವರ ಹೆಂಡತಿಯನ್ನು, ಚಾಚಿಯನ್ನು, ನಾವು ಅಲ್ಲಿಯವರೆಗೆ ನೋಡಿರಲಿಲ್ಲ. ನೀವು ಯಾರೆಂದು ಕೇಳಿದರು. ಏನೆಂದು ಹೇಳುವುದು? ವಸ್ತಿ ಗಾಡಿಯ ಪಾಸಿನವರೆಂದೆವು. ಚಾಚಿ ಒಂದು ಗಳಿಗೆ ನಮ್ಮ ಮುಖಗಳನ್ನು ನೋಡಿ, ಗೋಡೆಯ ಬದಿಯವರನ್ನು ಇನ್ನಷ್ಟು ಸರಿಯಲು ಹೇಳಿ, ನಮ್ಮನ್ನು ಹತ್ತಿರ ಕೂಡಿಸಿಕೊಂಡರು.

ನನ್ನ ಪರ್ಸಿನಲ್ಲಿ ಆ ಮೊದಲ ದಿನದ ಟಿಕೆಟ್ ಇತ್ತು. ಅವರಿಗೆ ತೋರಿಸಬೇಕೆಂದೇ ತಂದಿದ್ದೆ. ಆ ಕಾಗದದ ಅಕ್ಷರ ವರ್ಷ ದಾಟಿದರೆ ನಿಲ್ಲುವುದಿಲ್ಲ. ಊರು, ಹೊತ್ತು, ಆ ಸೊನ್ನೆ, ಎಲ್ಲ ಮಾಸಿ ಹೋಗಿತ್ತು. ಚಾಚಿ ಅದನ್ನು ಬೆಳಕಿಗೆ ಹಿಡಿದು ಎರಡೂ ಕಡೆ ನೋಡಿದರು.

"ಇದರಾಗ ಏನೂ ಇಲ್ಲಲ್ಲವ್ವಾ."

"ಇದರಾಗ ನಾ ಇದ್ದೆನ್ರಿ, ಚಾಚಿ," ಎಂದೆ. ಅಷ್ಟು ಹೊತ್ತು ತಡೆದಿದ್ದ ಅಳು ಆಗ ಬಂತು.

ಚಾಚಿ ಆ ಖಾಲಿ ಚೀಟಿಯನ್ನು ನನ್ನ ಅಂಗೈಯಲ್ಲಿಟ್ಟು, ಒಂದೊಂದೇ ಬೆರಳು ಮಡಿಸಿದರು.

"ಹಂಗಾದ್ರ ಕಳಕೋಬ್ಯಾಡ," ಎಂದರು.