ಭಾವನ ಅರೆ ಪೀಸುಗಳು

ಪ್ಲಾಸ್ಟಿಕ್ ಸಾಮಾನಿನ ಅಚ್ಚು ಮಾಡುವ ಕಾರ್ಖಾನೆಯಲ್ಲಿ ಅವರನ್ನು ಭಾವ ಎಂದು ಕರೆಯುವ ಹಕ್ಕಿದ್ದದ್ದು ನಿಜವಾಗಿ ಒಬ್ಬನಿಗೆ ಮಾತ್ರ, ಪ್ಲಾಸ್ಟಿಕ್ ಮಷೀನಿನ ಆಪರೇಟರಿಗೆ. ಅವನು ಅವರ ಹೆಂಡತಿಯ ತಮ್ಮ. ಆದರೆ ಅವನು ಹೊತ್ತುಗೊತ್ತಿಲ್ಲದೆ ಮಷೀನಿನ ಸದ್ದನ್ನೂ ಮೀರಿಸಿ ಹಾಗೆ ಕೂಗುತ್ತಿದ್ದದ್ದನ್ನು ಕೇಳಿ ಕೇಳಿ, ಬಾಗಿಲು ಕಾಯುವವನಿಗೂ ಅವರು ಭಾವನೇ ಆಗಿಬಿಟ್ಟಿದ್ದರು.

ಉಕ್ಕು ಕೊರೆದು ಅಚ್ಚು ಮಾಡುತ್ತಲೇ ತಲೆ ಹಣ್ಣಾದ ಭಾವ, ಈಚೆಗೆ ಉಕ್ಕು ಉಜ್ಜುವ ಅರ ಕೆಳಗಿಟ್ಟು ಕಂಪ್ಯೂಟರ್ ಮುಂದೆ ಕೂತಿದ್ದರು. ಕೈ ನಡುಗಲು ಶುರುವಾಗಿತ್ತು. ಅದು ಗೊತ್ತಿದ್ದದ್ದು ಹೆಂಡತಿಗೆ ಮಾತ್ರ. ಉಳಿದವರಿಗೆಲ್ಲ ಕಾಲ ಬದಲಾಯಿತು, ನಾವೂ ಕಲಿಯಬೇಕು ಎಂದು ಉಪದೇಶ ಮಾಡಿದ್ದರು. ಕಲಿತದ್ದೇನೋ ಕಲಿತರು, ಹೊಸ ಮದುಮಗನ ಹಾಗೆ ಅದರ ಮೋಹಕ್ಕೂ ಬಿದ್ದರು. ಕರಗಿದ ಪ್ಲಾಸ್ಟಿಕ್ ಅಚ್ಚಿನೊಳಗೆ ಹೇಗೆ ಹರಿದೀತು ಎಂಬುದನ್ನು ಅಚ್ಚು ಮಾಡುವ ಮೊದಲೇ ಬಣ್ಣಬಣ್ಣವಾಗಿ ತೋರಿಸುವ ಪ್ರೋಗ್ರಾಂ ಅದು. ನೋಡುತ್ತ ನೋಡುತ್ತ ಭಾವನಿಗೆ ಲೋಕವೆಲ್ಲ ಹರಿಯತೊಡಗಿತು. ಬಸ್ಸಿಳಿದ ಜನ ದೀಪದ ಕಂಬದ ಎಡಬಲಕ್ಕೆ ಕವಲಾಗಿ ಮುಂದೆ ಮತ್ತೆ ಕೂಡಿಕೊಂಡರೆ ನಿಂತು ನೋಡುವರು. ಬಚ್ಚಲಲ್ಲಿ ಸೋಪಿನ ನೊರೆ ನೋಡುತ್ತ ಕೂತುಬಿಟ್ಟಾಗ ಹೆಂಡತಿ ಬಾಗಿಲು ಬಡಿದು, ನೀವೂ ನೀರಿನ ಜೊತೆ ಹರಿದು ಹೋದಿರಾ ಹೇಗೆ ಎಂದು ವಿಚಾರಿಸುವಳು.

ಈ ಸಲ ಬಂದದ್ದು ಕುರ್ಚಿಯ ಬೆನ್ನು. ಮರದ ಹಿಟ್ಟು ಬೆರೆಸಿದ ಪ್ಲಾಸ್ಟಿಕ್ಕಿನದು. ಬೆನ್ನಿನ ಮೇಲ್ಗಡೆ, ಕೈಹಾಕಿ ಎತ್ತಲು ಒಂದು ಕಿಂಡಿ. ತಕರಾರೆಲ್ಲ ಆ ಕಿಂಡಿಯದು. ಕರಗಿದ ಮಾಲು ಅದರ ಎರಡು ಮಗ್ಗುಲಿಗೆ ಸೀಳಿ, ಆಚೆ ಮತ್ತೆ ಕೂಡುವಲ್ಲಿ ಒಂದು ಗೆರೆ ಬೀಳುತ್ತದೆ. ಬರೀ ಪ್ಲಾಸ್ಟಿಕ್ ಆದರೆ ಹೇಗೋ ಬೆಸೆದುಕೊಂಡೀತು. ಮರದ ಹಿಟ್ಟಿದ್ದರೆ, ಮುನಿಸಿಕೊಂಡ ನೆಂಟರ ಹಾಗೆ ಎದುರುಬದುರು ನಿಲ್ಲುತ್ತದೆಯೇ ಹೊರತು ಬೆರೆಯುವುದಿಲ್ಲ. ಗೆರೆ ಕಿಂಡಿಯ ನೆತ್ತಿಯ ಮೇಲೆ ಬಿದ್ದರೆ, ಕುರ್ಚಿ ಎತ್ತಿದವರ ಕೈಗೆ ಬರೀ ಹಿಡಿ ಬರುತ್ತದೆ. ಭಾವ ಮಾಲು ನುಗ್ಗುವ ಬಾಯನ್ನು ಕಂಪ್ಯೂಟರ್ ತೆರೆಯ ಮೇಲೆ ಅತ್ತಿತ್ತ ಸರಿಸಿ, ಗೆರೆಯನ್ನು ಕಿಂಡಿಯ ಒಂದು ಮೂಲೆಗೆ ತಳ್ಳಿದ್ದರು. ಅಚ್ಚನ್ನೂ ಹಾಗೆಯೇ ಕೊರೆಸಿದ್ದರು.

ಮಾಲೀಕರದು ಕಡಿಮೆ ಮಾತು. ಉಕ್ಕಿಗೆ ಹದ ಹಾಕಿಸಿ ಗಟ್ಟಿ ಮಾಡಿದರೆ ಮತ್ತೆ ತಿದ್ದಲಾಗದು. ಅದಕ್ಕೆ ಮುಂಚೆ ತೆರೆ ಹೇಳಿದ್ದು ನಿಜವೆಂದು ತೋರಿಸಿ, ಇಲ್ಲವಾದರೆ ಪ್ರೋಗ್ರಾಂ ಬೇಡ, ನೀವು ಮತ್ತೆ ಅರ ಹಿಡಿಯಿರಿ ಎಂದರು. ಭಾವ ಎರಡೂ ಕೈ ಜೇಬಿಗೆ ಸೇರಿಸಿ ತಲೆಯಾಡಿಸಿದರು.

ತೋರಿಸಲು ದಾರಿ ಒಂದೇ. ಅಚ್ಚನ್ನು ಬೇಕೆಂದೇ ಪೂರ್ತಿ ತುಂಬದೆ, ಕಾಲು, ಅರ್ಧ, ಮುಕ್ಕಾಲು ಪೀಸು ತೆಗೆದು, ತೆರೆಯ ಚಿತ್ರದ ಪಕ್ಕ ಇಟ್ಟು ನೋಡುವುದು. ತೆಗೆಯಬೇಕಾದವನು ಭಾವಮೈದ.

ಅವನು ಸುತರಾಂ ಒಪ್ಪಲಿಲ್ಲ. "ಒಂದು ಮೂಲೆ ತುಂಬದಿದ್ರೆ ಅದನ್ನ ಎಲ್ಲರ ಮುಂದೆ ಎತ್ತಿ ಹಿಡಿದು, ಪಾಪ, ಹೊಟ್ಟೆಗಿಲ್ಲದ ಪೀಸು ಅಂತ ಆಡ್ಕೊಂಡೋರು ಯಾರು ಭಾವಾ? ಈಗ ನಾನೇ ಅಂಥದ್ದು ಹೆತ್ತು ಕೊಡಬೇಕಾ?"

ಆಡಿಕೊಂಡದ್ದು ನಿಜ. ಭಾವ ಮನೆಗೆ ಬಂದು ಊಟ ಸೇರದೆ ಎದ್ದರು. ಹೆಂಡತಿ ಸಂಗತಿ ಕೇಳಿಕೊಂಡು, ಚಪ್ಪಲಿ ಮೆಟ್ಟಿಕೊಂಡು ತಮ್ಮನ ಮನೆಗೆ ಹೋಗಿಬಂದಳು. ನಡುಗುವ ಕೈಯ ಗುಟ್ಟನ್ನು ತಮ್ಮನಿಗೆ ಹೇಳಿಬಂದಳೋ ಏನೋ, ಇವರಿಗೆ ತಿಳಿಯಲಿಲ್ಲ.

ಮರುದಿನ ಭಾವಮೈದ ಆಗಲೇ ಮಾಲನ್ನು ಬಿಸಿಗಾಳಿಯಲ್ಲಿ ಒಣಗಿಸುತ್ತಿದ್ದ. ಮರದ ಹಿಟ್ಟಿನಲ್ಲಿ ತೇವ ಉಳಿದರೆ ಪೀಸಿನ ಮೈಯೆಲ್ಲ ಬೊಬ್ಬೆ. ಮುಖ ಮಾತ್ರ ಗಂಟು. ಎಲ್ಲರೂ ಊಟಕ್ಕೆ ಹೋದಮೇಲೆ ತೆಗೆದುಕೊಡುತ್ತೇನೆ ಎಂದ. ಸುದ್ದಿ ಹಬ್ಬಿ, ಎಲ್ಲರೂ ಡಬ್ಬಿ ಹಿಡಿದುಕೊಂಡು ಅಲ್ಲಿಗೇ ಊಟಕ್ಕೆ ಬಂದರು.

ಕಾಲು ಪೀಸು ಚಿತ್ರಕ್ಕೆ ಹೊಂದಿತು. ಅರ್ಧವೂ ಹೊಂದಿತು. ಮುಕ್ಕಾಲಿನಲ್ಲಿ ಬಲಗಡೆಯ ಮಾಲು, ಚಿತ್ರದಲ್ಲಿದ್ದುದಕ್ಕಿಂತ ತುಸು ಮುಂದೆ ಓಡಿತ್ತು. ತುಂಬಿದ ಪೀಸಿನಲ್ಲಿ ಗೆರೆ ಮೂಲೆಯಿಂದ ಒಂದು ಬೆರಳಿನಷ್ಟು ನೆತ್ತಿಯ ಕಡೆಗೆ ಸರಿದಿತ್ತು. ನೋಡಲು ಬಂದಿದ್ದ ಮಾಲೀಕರು ಕನ್ನಡಕ ಹುಡುಕುತ್ತಿದ್ದರು. ಭಾವಮೈದ ಮೆಲ್ಲಗೆ ಅವರಿಗೂ ಪೀಸಿಟ್ಟಿದ್ದ ಮೇಜಿಗೂ ನಡುವೆ ಬಂದು ನಿಂತ.

"ಸುಮ್ನಿರಿ ಭಾವ. ಅವರಿಗೆ ಕಾಣಲ್ಲ."

ಸುಮ್ಮನಿದ್ದರೆ ಕಂಪ್ಯೂಟರ್ ಮುಂದಿನ ಭಾವನ ಕುರ್ಚಿ ಉಳಿಯುತ್ತಿತ್ತು. ಆದರೆ ನಾಳೆಯಿಂದ ಆ ತೆರೆಯ ಮುಖವನ್ನು ಯಾವ ಮುಖದಿಂದ ನೋಡುವುದು?

"ಒಂದು ಬೆರಳು ತಪ್ಪಿದೆ ಸಾರ್," ಎಂದರು.

ಎಲ್ಲರ ಊಟ ನಿಂತಿತು. ತಾನು ಹಾಕಿದ ಲೆಕ್ಕ ಹಿಟ್ಟು ಕಡಿಮೆಯಿದ್ದ ಮಾಲಿನದು, ಇದರಲ್ಲಿ ಹೆಚ್ಚಿದೆ, ಅದಕ್ಕೇ ಹರಿವು ಬೇರೆಯಾಯಿತು ಎಂದು ಭಾವ ತೊದಲುತ್ತ ವಿವರಿಸಿದರು. ಮಾಲೀಕರು ಕೇಳಿದರೋ ಇಲ್ಲವೋ, ಪೀಸನ್ನು ನೆಲದ ಮೇಲಿಟ್ಟು ಕಾಲಿಂದ ಮೆಟ್ಟಿ, ಕಿಂಡಿಗೆ ಕೈಹಾಕಿ ಜಗ್ಗಿದರು. ಮುರಿಯಲಿಲ್ಲ. ದಢೂತಿ ಭಾವಮೈದನಿಗೆ ಕೊಟ್ಟರು. ಅವನು ಹಲ್ಲು ಕಚ್ಚಿ ಜಗ್ಗಿದರೂ ಮುರಿಯಲಿಲ್ಲ.

"ತಪ್ಪು ಎಲ್ಲಿದೆ ಅಂತ ಗೊತ್ತಾಯ್ತಲ್ಲ, ಲೆಕ್ಕ ಸರಿ ಮಾಡ್ಕೊಳ್ಳಿ," ಎಂದರು ಮಾಲೀಕರು. "ಅಚ್ಚು ಆಮೇಲೆ ಹದಕ್ಕೆ ಹೋಗ್ಲಿ. ನೀವು ಆ ಕಂಪ್ಯೂಟರ್ ಮುಂದೇನೇ ಕೂತಿರಿ."

ಲೆಕ್ಕ ಸರಿ ಮಾಡಬೇಕೆಂದರೆ ಇನ್ನೂ ಒಂದು ರಾಶಿ ಅರೆ ಪೀಸು ಬೇಕು. ಅದನ್ನು ಹೇಗೆ ಕೇಳುವುದೆಂದು ಭಾವ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ, ಮಷೀನಿನ ಹಿಂದಿನಿಂದ ದನಿ ಬಂತು.

"ಮುಕ್ಕಾಲು ಬೇಕಾ ಭಾವಾ, ಮುಕ್ಕಾಲಿಗೆ ಒಂಚೂರು ಕಮ್ಮಿ ಬೇಕಾ? ಸರಿಯಾಗಿ ಹೇಳಿ. ಅರೆಬರೆ ಕೆಲಸ ನನ್ನ ಕೈಲಾಗಲ್ಲ."